ಯಾರಿಗೂ ಬೇಡವೆಂದು ಬರೆದದ್ದು

ಮಾರ್ಚ್ 11, ಮಂಗಳವಾರ

ಉಗ್ರಾಣದ ಅಕ್ಕನ ಮುಖ ಕಣ್ಣಿಂದ ಹೋಗುತ್ತಿಲ್ಲ. ಆಫೀಸಿನ ಕಂಪ್ಯೂಟರುಗಳೆಲ್ಲ ಇನ್ನು ಇಂಗ್ಲಿಷಿನಲ್ಲೇ ಇರಬೇಕೆಂದು ಆದೇಶ. ಬೆಳಿಗ್ಗೆ ಎಲ್ಲವನ್ನೂ ಬದಲಿಸಿದವನು ನಾನೇ. ಇಷ್ಟು ದಿನ ಮನೆಮಾತಿನಲ್ಲಿ ಪಟಪಟನೆ ಕೆಲಸ ಮುಗಿಸುತ್ತಿದ್ದ ಅಕ್ಕ, ಇಂಗ್ಲಿಷ್ ಓದಲು ಬಾರದೆ ಪರದೆಯನ್ನೇ ನೋಡುತ್ತ ಕೂತಿದ್ದಳು. ಮಧ್ಯಾಹ್ನ ಅವಳನ್ನು ಎಬ್ಬಿಸಿ ಡಬ್ಬ ಜೋಡಿಸಲು ಕಳಿಸಿದರು.

"ನನ್ನದೊಂದನ್ನ ಹಾಗೇ ಬಿಡೋಕೆ ಆಗ್ತಿರ್ಲಿಲ್ವಾ?" ಎಂದು ಕೇಳಿದಳು.

ಆಗುತ್ತಿತ್ತು. ಯಾರಿಗಾದರೂ ವಿನಾಯಿತಿ ಬೇಕೇ ಎಂದು ಮೇಲಿನವರು ಹೋದ ವಾರವೇ ಕೇಳಿದ್ದರು. ಉಗ್ರಾಣದವರೆಗೆ ಹೋಗಿ ವಿಚಾರಿಸಲು ಸೋಮಾರಿತನವಾಗಿ, ಯಾರಿಗೂ ಬೇಡವೆಂದು ಬರೆದು ಕಳಿಸಿದ್ದೆ.

"ಅವ್ರು ನಮ್ಮನ್ನ ಕೇಳ್ಲೇ ಇಲ್ಲ ಅಕ್ಕ," ಅಂದೆ.

"ಹೋಗ್ಲಿ ಬಿಡು. ನೀನಾದ್ರೂ ಏನ್ ಮಾಡ್ತೀಯ, ಪಾಪ," ಎಂದು ನನಗೇ ಸಮಾಧಾನ ಹೇಳಿದಳು.

ಬೈದಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ. ನಾಳೆ ಹೇಳಬೇಕು. ಹೇಳಿದ ಮೇಲೆ ಅವಳು ನನ್ನನ್ನು...