ಎರಡು ಬ್ಯಾಂಜೋ

12 ಅಕ್ಟೋಬರ್ 2024, ಶನಿವಾರ. ಮೀರಾ ಮೆಸಾ, ಅಮೆರಿಕ

ಮಾವನಿಗೆ ನಿಜ ಹೇಳಬೇಕಿತ್ತು. ಇನ್ನೂ ಹೇಳಿಲ್ಲ.

ರೈಲು ಹಳಿ ಹಾಕಿದ ಕೂಲಿಗಳ ಹಳೆಯ ಹಾಡು ಹಾಡಿ ಮಕ್ಕಳಿಗೆ ಅಮೆರಿಕದ ಇತಿಹಾಸ ಹೇಳುವ ತಂಡವೊಂದಿದೆ. ಅದನ್ನು ನಡೆಸುವ ಡೊರೀನ್ ಎಂಬವರು ಬ್ಯಾಂಜೋ ನುಡಿಸುವವರನ್ನು ಹುಡುಕುತ್ತಿದ್ದರು. ಮಾವನ ಹೆಸರು ಕೊಟ್ಟವಳು ನಾನೇ. ಮೈಸೂರಿನ ಖವ್ವಾಲಿ ತಂಡದಲ್ಲಿ ಮೂವತ್ತು ವರ್ಷ ಬ್ಯಾಂಜೋ ನುಡಿಸಿದವರು. ಅತ್ತೆ ತೀರಿಕೊಂಡ ಮೇಲೆ ಅದನ್ನು ಮುಟ್ಟಿರಲಿಲ್ಲ.

ಇವತ್ತು ಲೈಬ್ರರಿಯಲ್ಲಿ, ಮಕ್ಕಳ ಮುಂದೆ, ಮಾವ ಬ್ಯಾಂಜೋ ಪೆಟ್ಟಿಗೆ ತೆರೆದರು. ನಮ್ಮೂರ ಬ್ಯಾಂಜೋಗೆ ಟೈಪ್‌ರೈಟರಿನ ಹಾಗೆ ಗುಂಡಿಗಳಿರುತ್ತವೆ. ಗೋಡೆಯ ಪೋಸ್ಟರಿನಲ್ಲಿದ್ದ ಬ್ಯಾಂಜೋ ಉದ್ದ ಕತ್ತಿನದು, ತಮಟೆಯಂಥ ದುಂಡು ಹೊಟ್ಟೆಯದು. ಮಾವ ಅದನ್ನೊಮ್ಮೆ, ತಮ್ಮದನ್ನೊಮ್ಮೆ ನೋಡಿ ಮುಚ್ಚಳ ಹಾಕಲು ಹೋದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಡೊರೀನ್ ಮುಚ್ಚಳ ಹಿಡಿದುಕೊಂಡೇ ಹಾಡು ಶುರು ಮಾಡಿದರು. ಎರಡನೆಯ ಸಾಲಿಗೆ ಮಾವನ ಬೆರಳುಗಳು ಸೇರಿಕೊಂಡವು. ತಂತಿಯ ಒಂದೊಂದು ಪೆಟ್ಟೂ ಹಳಿಯ ಮೇಲೆ ಸುತ್ತಿಗೆ ಬಿದ್ದ ಹಾಗೆ ಕೇಳಿಸಿತು. ಗಲಾಟೆ ಮಾಡುತ್ತಿದ್ದ ಮಕ್ಕಳು ಮುಂದಕ್ಕೆ ಸರಿದು ಕೂತರು. ಮುಂದಿನ ಶನಿವಾರವೂ ಬರಬೇಕಂತೆ.

ಕಾರಿನಲ್ಲಿ ಮಾವ, "ಮೊದ್ಲೇ ಗೊತ್ತಿದ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ ತಸ್ನೀಮ್. ಪಾಪ, ನಿಂಗೂ ಗೊತ್ತಿರ್ಲಿಲ್ಲ" ಎಂದರು.

ನನಗೆ ಮಂಗಳವಾರವೇ ಗೊತ್ತಿತ್ತು. ಡೊರೀನ್ ಆ ಪೋಸ್ಟರನ್ನು ಫೋನಿಗೆ ಕಳಿಸಿದ್ದರು. ತಪ್ಪಾಯಿತು, ಬರುವುದಿಲ್ಲ ಎಂದು ಟೈಪ್ ಮಾಡುತ್ತಿದ್ದೆ. ಆಗ ಮಾವನ ರೂಮಿನಿಂದ, ನಾಲ್ಕು ವರ್ಷದ ಮೇಲೆ, ತಂತಿ ಶ್ರುತಿ ಮಾಡುವ ಸದ್ದು ಕೇಳಿಸಿತು. ಅಳಿಸಿಬಿಟ್ಟೆ.

ಹೇಳುತ್ತೇನೆ. ಈಗ ಬೇಡ, ಮತ್ತೆ ಶ್ರುತಿ ಮಾಡುತ್ತಿದ್ದಾರೆ.