ಅಂಚಿಲ್ಲದ ರೇಷ್ಮೆ

ಸೋಸಲೆ
14-2-2006

ಪ್ರೀತಿಯ ಸುನೀತಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಮಂಡಿ ನೋವು ಬಿಟ್ಟರೆ ಅವ್ವ ಚೆನ್ನಾಗಿದ್ದಾಳೆ. ಹಸು ಕರು ಹಾಕಿದೆ, ಹೆಣ್ಣುಗರು. ಗಿಣ್ಣು ಕಾಯಿಸಿದ ದಿನ ಅವ್ವ ನಿನ್ನ ಮಕ್ಕಳನ್ನು ನೆನೆಸಿಕೊಂಡು ಅರ್ಧ ತಟ್ಟೆ ಹಾಗೇ ಬಿಟ್ಟಳು. ಭಾವನವರಿಗೆ ರಾತ್ರಿ ಪಾಳಿ ತಪ್ಪಿತೆಂದು ಕೇಳಿದೆ, ಒಳ್ಳೆಯದಾಯಿತು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡ ಮಾಡಿದೆನೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಹಸುವಿಗೆ ಹುಲ್ಲು ಹಾಕುವ ನೆಪ ಮಾಡಿಕೊಂಡು ಎದ್ದುಹೋದೆ. ಫೋನನ್ನಾದರೂ ಮಾಡು ಅಂತ ನೀನು ಬರೆದಿದ್ದೆ. ಬೂತಿನಲ್ಲಿ ಹಿಂದೆ ಜನ ನಿಂತಿದ್ದರೆ ನನಗೆ ಮಾತೇ ಬರುವುದಿಲ್ಲ, ನಿನಗೆ ಗೊತ್ತು. ಕಾಗದವಾದರೆ ನಾನು ನಿಧಾನವಾಗಿ ಹೇಳಬಹುದು, ನೀನೂ ನಡುವೆ ಬಾಯಿ ಹಾಕುವುದಿಲ್ಲ.

ನೀನು ಎರಡು ಮಾತು ಕೇಳಿದ್ದೀಯ. ನೀವು ನನಗೆ ನೋಡಿರುವ ಗಂಗಾಧರಸ್ವಾಮಿಯವರ ತಾಯಿ ನನ್ನನ್ನು ನೋಡಲು ಬಂದಾಗ ಬೇಕೆಂದೇ ಬಿಳಿ ಬಟ್ಟೆ ಹಾಕಿಕೊಂಡು ನಿಂತೆಯಾ ಅನ್ನುವುದು ಒಂದು. ಈಗಲೂ ಅವರು ಒಪ್ಪಿದ್ದಾರೆ, ಆದರೆ ಆ ಕೆಲಸ ಬಿಡಬೇಕಂತೆ, ಹೂಂ ಅನ್ನುತ್ತೀಯೋ ಇಲ್ಲವೋ ಶಿವರಾತ್ರಿಯೊಳಗೆ ತಿಳಿಸು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ ಮೊದಲನೆಯದನ್ನು ಪೂರ್ತಿ ಹೇಳಬೇಕು.

ನಾನು ಹೋಗುವುದು ಟೈಲರ್ ಅಂಗಡಿಗೆ ಅಂತ ನೀನು ತಿಳಿದಿದ್ದೀಯ. ನರಸೀಪುರದಲ್ಲಿ ಒಂದು ಹಳೆಯ ಅಕ್ಕಿ ಗಿರಣಿಯ ಶೆಡ್ಡು ಅದು. ನಡೆಸುವವರು ಸಂಘಮಿತ್ರಾ ಮೇಡಂ, ನಮ್ಮ ಊರ ಕಡೆಯವರೇ, ಚಲುವಯ್ಯ ಮೇಷ್ಟ್ರ ಮಗಳು. ಬಟ್ಟೆಯ ವಿನ್ಯಾಸ ಓದಿ ದೊಡ್ಡ ದೊಡ್ಡ ಊರಿನಲ್ಲಿ ಕೆಲಸ ಮಾಡಿ ಬಂದವರು. ಅವರ ಕೈಕೆಳಗೆ ನಾನು ದುಡಿಯುವುದು ಜಾತಿ ನೋಡುವ ನಿನ್ನ ಓರಗಿತ್ತಿಗೆ ಹಿಡಿಸುವುದಿಲ್ಲ ಅಂತ ಗೊತ್ತು. ಆ ಮಾತನ್ನು ಇಲ್ಲಿ ಎತ್ತುವುದಿಲ್ಲ.

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಾಗ ಗೂಡನ್ನು ಮಾರ್ಕೆಟ್ಟಿಗೆ ಹಾಕುತ್ತಿದ್ದೆವಲ್ಲ, ಅಲ್ಲಿಂದ ಅದನ್ನು ಒಯ್ದವರು ಒಳಗೆ ಹುಳು ಇರುವಂತೆಯೇ ಬೇಯಿಸಿ ನೂಲು ತೆಗೆಯುತ್ತಾರೆ. ಇಲ್ಲಿ ಹಾಗೆ ಮಾಡುವುದಿಲ್ಲ. ಗೂಡುಗಳನ್ನು ಬಿದಿರು ತಟ್ಟೆಯಲ್ಲಿ ಹರಡಿ ಕಾಯುತ್ತೇವೆ. ಒಳಗಿರುವುದು ಚಿಟ್ಟೆಯಾಗಿ, ತಾನೇ ಗೂಡು ತೂತು ಮಾಡಿಕೊಂಡು ಹೊರಗೆ ಬಂದ ಮೇಲೆ ಖಾಲಿ ಗೂಡನ್ನು ಬೇಯಿಸುವುದು. ಎಳೆ ತುಂಡಾಗಿರುತ್ತದಲ್ಲ, ಹಾಗಾಗಿ ಹತ್ತಿಯಂತೆ ಕೈಯಲ್ಲೇ ನೂಲಬೇಕು. ಹೊಳಪು ಕಡಿಮೆ, ಅಲ್ಲಲ್ಲಿ ಗಂಟು ಗಂಟು. ಆದರೆ ಮುಟ್ಟಿದರೆ ಆಗ ತಾನೇ ಹುಟ್ಟಿದ ಕರುವಿನ ಕಿವಿ ಹಾಗಿರುತ್ತದೆ.

ಅದಕ್ಕೆ ಬಣ್ಣ ಹಾಕುವುದಿಲ್ಲ. ಬಣ್ಣದ ನೀರು ಕಪಿಲೆಗೋ ಕಾವೇರಿಗೋ ಸೇರಬಾರದು ಅಂತ ಮೇಡಂ. ತೊಳೆಯುವುದು ಅಂಟುವಾಳಕಾಯಿ ನೀರಿನಲ್ಲಿ. ಗುಂಡಿ ತೆಂಗಿನ ಚಿಪ್ಪಿನದು. ಹೊಲಿಗೆಯ ಅಂಚು ಕಾಣದಂತೆ ಎರಡು ಸಲ ಒಳಗೆ ಮಡಿಸಿ ಹೊಲಿಯಬೇಕು, ಬಟ್ಟೆಯ ಒಳಮೈಯೂ ಹೊರಮೈಯಷ್ಟೇ ಚೊಕ್ಕ. ಕತ್ತರಿಸಿ ಉಳಿದ ಚೂರನ್ನು ಕಸಕ್ಕೆ ಹಾಕುವಂತಿಲ್ಲ, ದಿಂಬಿಗೆ ತುಂಬುತ್ತೇವೆ. ಅಂಚಿಲ್ಲ, ಜರಿಯಿಲ್ಲ, ಒಂದು ಹೂವಿಲ್ಲ. ಉದ್ದನೆಯ ನಿಲುವಂಗಿ, ಮಜ್ಜಿಗೆ ಬಣ್ಣದ್ದು. ಇವನ್ನೇ ಮುಂಬೈಯ ಅಂಗಡಿಯಲ್ಲಿ ಶ್ರೀಮಂತ ಹೆಂಗಸರು ಕಾದಿದ್ದು ಕೊಳ್ಳುತ್ತಾರೆ.

ನೂಲುವವರಲ್ಲಿ ಕೆಂಪಾಜಮ್ಮ ಅಂತ ವಯಸ್ಸಾದವರೊಬ್ಬರಿದ್ದಾರೆ. ಬಾಯಿ ಸುಮ್ಮನಿರುವುದಿಲ್ಲ. ನಾನು ಸೇರಿದ ಹೊಸದರಲ್ಲಿ ಒಂದು ದಿನ, "ಅಲ್ಲ ಕಣ್ರವ್ವಾ, ಇಷ್ಟೊಂದು ಕಾಸು ಸುರ್ದು ಬೋಳು ಬಟ್ಟೆ ತಗತಾರಲ್ಲ, ಅವರ ಗಂಡದೀರು ಅವ್ರಾ ವೋದ್ರಾ ಅಂತ ಯಾರಾದ್ರೂ ಇಚಾರಿಸಿದ್ದೀರಾ?" ಅಂದರು. ಶೆಡ್ಡೆಲ್ಲ ನಗು. ನಾನೂ ನಕ್ಕೆ. ಆಮೇಲೆ ಒಬ್ಬೊಬ್ಬರಾಗಿ ನನ್ನ ಹಣೆ ನೋಡಿ ನಗು ನಿಲ್ಲಿಸಿದರು. ಅಂದಿನಿಂದ ಕೆಂಪಾಜಮ್ಮ ದಿನಾ ತಮ್ಮ ಬುತ್ತಿಯಿಂದ ನನಗೆ ಒಂದು ತುತ್ತಾದರೂ ತೆಗೆದಿಡುತ್ತಾರೆ. ಆ ಮಾತನ್ನು ಮಾತ್ರ ಮತ್ತೆ ಆಡಿಲ್ಲ.

ಇನ್ನು ಆ ದಿನದ ವಿಷಯ. ಮುಂಬೈ ಅಂಗಡಿಯವರು ಹೊಸ ನಮೂನೆ ನೋಡಲು ತಾವೇ ಬಂದಿದ್ದರು. ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆ ಅಂತ ನೋಡದೆ ಅವರು ಕೊಳ್ಳುವುದಿಲ್ಲ. ಹಾಕಿಕೊಂಡು ತೋರಿಸಲು ಮೈಸೂರಿನಿಂದ ಬರಬೇಕಾಗಿದ್ದ ಹುಡುಗಿಗೆ ಜ್ವರ. ಮೇಡಂ ನಮ್ಮ ಕಡೆ ತಿರುಗಿ, ಯಾರಾದರೂ ಒಬ್ಬರು ಹಾಕಿಕೊಳ್ಳಿ, ಸ್ವಲ್ಪ ಹೊತ್ತು ನಿಂತರೆ ಸಾಕು ಅಂದರು.

ಯಾರೂ ಏಳಲಿಲ್ಲ. ಸಣ್ಣತಾಯಮ್ಮ ತನಗೆ ಮುಟ್ಟು ಅಂದಳು. ಇನ್ನೊಬ್ಬಳು, ಗಂಡ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗಿದ್ದಾನೆ, ಅವನು ಬರುವವರೆಗೆ ಹೊಸ ಬಟ್ಟೆ ಮುಟ್ಟುವಂತಿಲ್ಲ ಅಂದಳು. ಹಾಗೊಂದು ಕಟ್ಟಳೆ ಇದೆಯೆಂದು ನಾನಂತೂ ಕೇಳಿರಲಿಲ್ಲ. ಮೇಡಂಗೆ ಅರ್ಥವಾಗಲಿಲ್ಲ. ನೀವೇ ನೂತು ನೀವೇ ಹೊಲಿದ ಬಟ್ಟೆ, ಹಾಕಿಕೊಳ್ಳಲು ನಾಚಿಕೆಯಾ ಅಂತ ಕೇಳಿದರು. ನಾಚಿಕೆಯಲ್ಲ ಅಕ್ಕ. ಗಂಡನಿರುವವಳು ಅಂಚಿಲ್ಲದ ಬಿಳಿಯನ್ನು ಮೈಮೇಲೆ ಹಾಕಿಕೊಂಡರೆ ಅವನ ಆಯಸ್ಸಿಗೆ ಕೇಡು ಅಂತ ಅವರ ಮನಸ್ಸಿನಲ್ಲಿ. ಅದನ್ನು ಬಾಯಿಬಿಟ್ಟು ಹೇಳುವುದೂ ಕೇಡೇ.

ಆಮೇಲೆ ಒಬ್ಬೊಬ್ಬರೂ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ.

ಮರೆಯಲ್ಲಿ ಹಾಕಿಕೊಳ್ಳಲು ಹೊರಟಾಗ ಕೆಂಪಾಜಮ್ಮ ನನ್ನ ಕೈಯಿಂದ ನಿಲುವಂಗಿ ಕಸಿದುಕೊಂಡರು. ಅನ್ನ ಮಾಡುವ ಮೂಲೆಗೆ ಹೋಗಿ ಬೆರಳಿಗೆ ಒಂದಿಷ್ಟು ಅರಿಸಿನ ಹಚ್ಚಿಕೊಂಡು ಬಂದು, ಕೆಳಗಿನ ಮಡಿಕೆಯ ಒಳಗೆ ಒತ್ತಿದರು. ಹೊಸ ಬಟ್ಟೆ ಉಡುವ ಮುಂಚೆ ಅವ್ವ ನಮಗೆ ಮಾಡುತ್ತಿದ್ದಳಲ್ಲ, ಹಾಗೆ. ಸಣ್ಣತಾಯಮ್ಮ, "ಅವಳಿಗೆಂಗಜ್ಜಿ ಅರಿಸಿನ ಇಕ್ಕೀಯೆ?" ಅಂತ ಗದರಿದಳು.

"ಹೊಸ ಬಟ್ಟೆ ಕಣಮ್ಮಿ," ಅಂದರು ಕೆಂಪಾಜಮ್ಮ. "ಯಾರುಟ್ರೂ ಹೊಸ ಬಟ್ಟೆನೇ."

ನಾನು ಹಾಕಿಕೊಂಡು ಬಂದೆ. ಅಕ್ಕ, ಇದನ್ನು ಹೇಗೆ ಬರೆಯಲಿ. ಶೆಡ್ಡಿನಲ್ಲಿ ಆಳೆತ್ತರದ ಕನ್ನಡಿ ಇದೆ. ನಾನು ಅದರ ಮುಂದೆ ಎಷ್ಟೋ ಸಲ ಪೊರಕೆ ಹಿಡಿದುಕೊಂಡು ಓಡಾಡಿದ್ದೇನೆ, ನೋಡಿಕೊಂಡಿರಲಿಲ್ಲ. ಆ ದಿನ ನೋಡಿಕೊಂಡೆ. ಬಟ್ಟೆ ಭುಜದಿಂದ ಪಾದದವರೆಗೆ ಎಲ್ಲೂ ತಡೆಯದೆ ಇಳಿದಿತ್ತು. ಬಳೆಯಿಲ್ಲ, ಹೂವಿಲ್ಲ, ಹಣೆ ಖಾಲಿ. ಆದರೂ ಏನೋ ಕಳೆದುಕೊಂಡವಳ ಹಾಗೆ ಕಾಣಲಿಲ್ಲ. ನಾನು ಚೆನ್ನಾಗಿದ್ದೆ. ನಮ್ಮವರು ಹೋದ ಮೇಲೆ ಮೊದಲನೇ ಸಲ ಹಾಗನ್ನಿಸಿತು. ಅನ್ನಿಸಿದ್ದಕ್ಕೆ ಹೆದರಿಕೆಯೂ ಆಯಿತು.

ಮುಂಬೈಯವರು ನನ್ನ ಸುತ್ತ ತಿರುಗಿ ತೋಳು, ಹೊಲಿಗೆ ನೋಡುತ್ತಿದ್ದರು. ಆಗಲೇ ಬಾಗಿಲಲ್ಲಿ ಭಾವ ಕಂಡರು. ಹಿಂದೆ ಗಂಗಾಧರಸ್ವಾಮಿ, ಅವರ ತಾಯಿ ಪುಟ್ಟಗೌರಮ್ಮನವರು. ಗುಂಜಾ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಬಂದಿದ್ದವರು ಹಾಗೇ ಒಂದು ಸಲ ನೋಡಿಕೊಂಡು ಹೋಗೋಣ ಅಂತ ಬಂದರಂತೆ. ನನಗೆ ಯಾರೂ ಹೇಳಿ ಕಳಿಸಿರಲಿಲ್ಲ, ಭಾವನವರನ್ನೇ ಕೇಳು. ಆ ತಾಯಿಯ ಕೈಯಲ್ಲಿ ಮಲ್ಲಿಗೆ ಹೂವಿನ ಪೊಟ್ಟಣವಿತ್ತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪೊಟ್ಟಣವನ್ನು ಸೆರಗಿನೊಳಗೆ ಸರಿಸಿಕೊಂಡರು.

"ಇಂಗೇ ಇದ್ಬುಡ್ತೀನಿ ಅನ್ನೋ ಮನ್ಸಿದ್ರೆ ನಮ್ಮನ್ನ ಯಾಕವ್ವ ಕರೆಸ್ಕೊಂಡ್ರಿ?" ಅಂದರು. ಜೋರಾಗಿಯೂ ಅನ್ನಲಿಲ್ಲ.

ಇದು ಕೆಲಸದ್ದು ಅನ್ನುವಷ್ಟಾದರೂ ನಾನು ಅನ್ನಬೇಕಿತ್ತು. ಅದನ್ನು ಅಂದವರು ಗಂಗಾಧರಸ್ವಾಮಿ. "ಅವ್ವ, ಕೆಲ್ಸದ ಬಟ್ಟೆ ಅದು," ಅಂದರು. ತಾಯಿ ಆಗಲೇ ಮೆಟ್ಟಿಲು ಇಳಿದಿದ್ದರು. ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಭಾವ ನನ್ನ ಕಡೆ ತಿರುಗಿಯೂ ನೋಡದೆ ಹೋದರು. ಆಗಿದ್ದು ಇಷ್ಟೇ. ಭಾವ ನಿನಗೆ ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅವರು ಬಾಗಿಲಿನಿಂದ ನೋಡಿದರು.

ಬಟ್ಟೆ ಮಡಿಸುವಾಗ ಮುಂಬೈಯವರ ಕಣ್ಣಿಗೆ ಅರಿಸಿನ ಬಿತ್ತು. ಮೇಡಂ ಗಾಬರಿಯಲ್ಲಿ ಕೈಗೆ ಸಿಕ್ಕಿದ ಸೋಪು ಹಚ್ಚಿ ಉಜ್ಜಿದರು, ಅದು ಕುಂಕುಮದ ಹಾಗೆ ಕೆಂಪಾಗಿಬಿಟ್ಟಿತು. ಮುಂಬೈಯವರು ಉಳಿದ ನಮೂನೆಗಳನ್ನು ಒಪ್ಪಿಕೊಂಡು ಇದೊಂದನ್ನು ಬಿಟ್ಟು ಹೋದರು. ಯಾರು ಹಚ್ಚಿದ್ದು ಅಂತ ಮೇಡಂ ಕೇಳಿದಾಗ ಕೆಂಪಾಜಮ್ಮ ತಾವೇ ಮುಂದೆ ಬಂದರು. ಕೆಲಸ ಹೋಗುತ್ತದೆ ಅಂತ ನಾವೆಲ್ಲ ತಲೆ ತಗ್ಗಿಸಿದ್ದೆವು. ಯಾಕೆ ಹಚ್ಚಿದೆ ಅನ್ನುವುದನ್ನು ಕೆಂಪಾಜಮ್ಮ ಹೇಳುತ್ತಾ ಹೋದ ಹಾಗೆ ಮೇಡಂ ಮುಖ ಸಣ್ಣದಾಯಿತು. ಹಾಗೇ ಗೂಡಿನ ತಟ್ಟೆಗಳ ಹತ್ತಿರ ಕೂತುಬಿಟ್ಟರು. ಸಂಜೆ ನನ್ನೊಬ್ಬಳನ್ನೇ ಕರೆದು, "ಬೇಡ ಅಂತ ಒಂದು ಮಾತು ಅನ್ನಬಾರದಿತ್ತಾ ಮಂಗಳಾ?" ಅಂದರು.

"ಬೇಕಾ ಅಂತ ಯಾರೂ ಕೇಳಲಿಲ್ಲ ಮೇಡಂ. ನೋಡಿದರು ಅಷ್ಟೇ," ಅಂದೆ. ನಾನು ಅಷ್ಟು ಮಾತಾಡಿದೆನೆಂದು ನನಗೇ ಆಶ್ಚರ್ಯ.

ಅವರು ನನ್ನ ಕೈ ಹಿಡಿದುಕೊಂಡರು. ಇನ್ನು ಮುಂದೆ ಹಾಕಿಕೊಂಡು ತೋರಿಸಬೇಕಾದಾಗ ತಾವೇ ಹಾಕಿಕೊಳ್ಳುತ್ತಾರಂತೆ. ಆ ನಿಲುವಂಗಿಯನ್ನು ಕೆಂಪಾಜಮ್ಮ ಅಂಟುವಾಳದಲ್ಲಿ ತೊಳೆದು ಬಿಸಿಲಿಗೆ ಹಾಕಿದ್ದಾರೆ. ಕಲೆ ಈಗ ಹುಡುಕಿದರೆ ಮಾತ್ರ ಕಾಣುತ್ತದೆ.

ಆದ್ದರಿಂದ ನಿನ್ನ ಮೊದಲನೇ ಮಾತಿಗೆ, ಬೇಕೆಂದು ಮಾಡಿದ್ದಲ್ಲ. ಎರಡನೆಯದಕ್ಕೆ, ಕೆಲಸ ಬಿಡುವುದಿಲ್ಲ ಅಕ್ಕ. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಗಂಗಾಧರಸ್ವಾಮಿಯವರ ಮೇಲೆ ನನಗೆ ಬೇಸರವಿಲ್ಲ. ಅವರ ಆ ಒಂದು ಮಾತು ನೆನಪಿದೆ. ಕೆಲಸ ಬಿಡಿಸಬೇಕು ಅನ್ನುವುದು ಅವರ ಮಾತೋ ಅವರ ತಾಯಿಯ ಮಾತೋ ತಿಳಿಯದು. ಬೇಕಾದರೆ ಒಬ್ಬರೇ ಇಲ್ಲಿಗೆ ಬರಲಿ, ಅವ್ವನ ಎದುರು ನನ್ನನ್ನು ಕೇಳಲಿ. ತಲೆ ತಗ್ಗಿಸಿಕೊಂಡಾದರೂ ನಾನೇ ಉತ್ತರ ಹೇಳುತ್ತೇನೆ. ನನ್ನ ಪರವಾಗಿ ನೀನಾಗಲಿ ಭಾವನವರಾಗಲಿ ಹೂಂ ಅನ್ನುವುದೂ ಬೇಡ, ಉಹೂಂ ಅನ್ನುವುದೂ ಬೇಡ.

ಅವ್ವ ನಿನ್ನನ್ನೂ ಮಕ್ಕಳನ್ನೂ ಹರಸಿದ್ದಾಳೆ. ನಿಮ್ಮ ಮನೆ ತಣ್ಣಗಿರಲಿ, ಭಾವ ನೂರು ಕಾಲ ಇರಲಿ. ಕರುವಿಗೆ ಹೆಸರಿಡುವುದು ಮಕ್ಕಳಿಗೆ ಬಿಟ್ಟದ್ದು ಅಂತ ಹೇಳು. ನನ್ನ ತಲೆಯ ಮೇಲೂ ನಿನ್ನ ಕೈ ಇರಲಿ.

ಇಂತಿ ನಿನ್ನ ತಂಗಿ,
ಮಂಗಳಗೌರಿ

ಮರೆತು ಬಿಟ್ಟುಹೋಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಇದನ್ನು ಬರೆಯಬಾರದು ಅಂತಲೇ ಸಹಿ ಹಾಕಿದ್ದೆ.

ನಿನ್ನ ಕಾಗದದ ಕೊನೆಯಲ್ಲಿ, ಮದುವೆಗೆ ಅಂತ ಕೆಂಪು ಸೀರೆ ಆಗಲೇ ತಂದಿಟ್ಟಿದ್ದೇನೆ ಅಂತ ಬರೆದಿದ್ದೀಯ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ನಮ್ಮವರು ಮಲಗಿದ್ದಾಗ ಒಂದು ಮಧ್ಯಾಹ್ನ ನೀರು ಕೇಳಿದರು. ಲೋಟ ಹುಡುಕಲು ನಿನ್ನ ಬ್ಯಾಗಿಗೆ ಕೈ ಹಾಕಿದೆ. ಗಂಡ ಹೋದವಳಿಗೆ ತಿಥಿಯ ದಿನ ತವರಿನವರು ಹೊದಿಸುವ ಬಿಳಿ ಸೀರೆ ಅದರಲ್ಲಿತ್ತು, ಅಂಗಡಿಯ ಕವರಿನ ಸಮೇತ. ಡಾಕ್ಟರು ನಿಮಗೆಲ್ಲ ಹೇಳಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಇದ್ದ ಹಾಗೇ ಇಟ್ಟು, ಲೋಟ ತೊಳೆದು ನೀರು ಕುಡಿಸಿದೆ.

ಅವರು ಆಮೇಲೂ ಎರಡು ದಿನ ಇದ್ದರು. ಮಾತಾಡುತ್ತಿದ್ದರು ಅಕ್ಕ. ಮಳೆ ಬಂತಾ ಅಂತ ಕೇಳಿದರು, ಊಟ ಮಾಡಿದೆಯಾ ಅಂತ ಕೇಳಿದರು. ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಬದುಕಿದ್ದವರ ಪಕ್ಕದಲ್ಲಿ ಆಗಲೇ ಹೋದವರ ಹೆಂಡತಿಯಾಗಿ ಕೂತಿದ್ದೆ. ಯಾಕೆ ಮಾತಾಡುತ್ತಿಲ್ಲ, ನನ್ನ ಮೇಲೆ ಕೋಪವಾ ಅಂತ ಅವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ನೀನು ಕೆಟ್ಟ ಮನಸ್ಸಿನಿಂದ ತರಲಿಲ್ಲ. ಆಮೇಲೆ ಓಡಾಡಲು ಯಾರೂ ಇರುವುದಿಲ್ಲ ಅಂತ ತಂದಿಟ್ಟುಕೊಂಡಿದ್ದೆ, ಅದೂ ಗೊತ್ತು. ಆದರೆ ಆ ಕೆಂಪು ಸೀರೆಯನ್ನು ಅಂಗಡಿಗೆ ವಾಪಸ್ಸು ಕೊಟ್ಟುಬಿಡು. ನಾನು ಹೂಂ ಅಂದರೆ, ಅಂದ ಮೇಲೆ, ಇಬ್ಬರೂ ಹೋಗಿ ತರೋಣ.