ಹದಿನೆಂಟು ದಿನ ಒರೆಸಿದ ಧೂಳು

ಗಡಿಯಾರದಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಬೆಳಿಗ್ಗೆ

ಪ್ರೀತಿಯ ಕಿರಿಯ ಸೋಡಾಬುಡ್ಡಿಗೆ,

ಹಿರಿಯ ಸೋಡಾಬುಡ್ಡಿಯ ಆಶೀರ್ವಾದ. ಹೇಗಿದ್ದೀಯ ತಂಗಿ? ಬೆನ್ನುನೋವು ಇಳಿಯಿತೇ? ಹೊಲಿಗೆ ಕಾರ್ಖಾನೆಯವರು ಆ ಮುರುಕು ಕುರ್ಚಿ ಬದಲಾಯಿಸಿದರೇ? ಇಲ್ಲಿ ನಾವೆಲ್ಲ ಕ್ಷೇಮ. 'ಎಲ್ಲ' ಎಂಬುದರಲ್ಲಿ ನನ್ನ ಎಡಗಣ್ಣು ಸೇರಿಲ್ಲ. ಅದು ಕಳೆದ ತಿಂಗಳು ರಾಜೀನಾಮೆ ಕೊಟ್ಟಿತು.

ಅಳಬೇಡ, ಕಥೆ ಕೇಳು. ಅಪ್ಪ ನಮ್ಮಿಬ್ಬರಿಗೂ ಸಮನಾಗಿ ಬಿಟ್ಟುಹೋದ ಆಸ್ತಿಯೆಂದರೆ ಮೈನಸ್ ಹದಿನಾಲ್ಕು ನಂಬರಿನ ಕಣ್ಣು. ಎದುರಿಗೆ ಬರುವ ಬಸ್ಸು ಕಾಣದಿದ್ದರೇನು, ಕನ್ನಡಕ ತೆಗೆದರೆ ಸಾಸಿವೆಗಿಂತ ಸಣ್ಣ ತಿರುಪೂ ಕಾಣುತ್ತದೆ, ರಿಪೇರಿಯವನಿಗೆ ಇದು ವರ ಎಂದು ಮೀಸೆ ತಿರುವುತ್ತಿದ್ದರಲ್ಲ! ಜನವರಿಯಲ್ಲಿ ಆ ವರದೊಳಗೆ ಕಪ್ಪು ಚುಕ್ಕಿಗಳು ತೇಲತೊಡಗಿದವು. ನಾನೇನು ಸಾಮಾನ್ಯನೇ? ಮೂವತ್ತು ವರ್ಷದ ಅನುಭವಿ. ಕಣ್ಣಿಗೆ ಕಚ್ಚಿಸಿಕೊಳ್ಳುವ ಭೂತಗನ್ನಡಿಗೆ ಧೂಳು ಹಿಡಿದಿದೆ ಎಂದು ತೀರ್ಪು ಕೊಟ್ಟು ಹದಿನೆಂಟು ದಿನ ಒರೆಸಿದೆ. ಕಣ್ಣಿನ ಓರೆಯಲ್ಲಿ ಮಿಂಚು ಹೊಡೆದಾಗ ಬಲ್ಬಿಗೆ ಬೈದು ಹೊಸದು ಹಾಕಿಸಿದೆ. "ಕನ್ನಡಿ ಕಳಚಿದ್ರೂ ಚುಕ್ಕಿ ಕಾಣುತ್ತಾ, ನೋಡ್ರೀ" ಎಂದಳು ನಿನ್ನ ಅತ್ತಿಗೆ. ಕಸುಬಿನ ವಿಷಯಕ್ಕೆ ಬಾಯಿ ಹಾಕಬೇಡ ಎಂದೆ. ಹತ್ತೊಂಬತ್ತನೆಯ ದಿನ ಎಡಗಣ್ಣಿನ ಮೂಲೆಯಿಂದ ಕಪ್ಪು ಪರದೆ ಇಳಿಯಿತು.

"ಇಷ್ಟು ನಂಬರ್ ಇದ್ರೆ ಕಣ್ಣುಗುಡ್ಡೆ ಉದ್ದವಾಗಿ ಒಳಪದರ ತೆಳುವಾಗಿರುತ್ತೆ, ಹರಿಯುತ್ತೆ. ಚುಕ್ಕಿ ಕಂಡ ದಿನವೇ ಬಂದಿದ್ರೆ ತೂತಿನ ಸುತ್ತ ಲೇಸರ್ ಬೆಸುಗೆ, ಹತ್ತು ನಿಮಿಷದ ಕೆಲಸ" ಎಂದರು ಕಣ್ಣಾಸ್ಪತ್ರೆಯ ಡಾಕ್ಟರಮ್ಮ. ಎರಡು ಆಪರೇಷನ್ ಆದಮೇಲೆ ಎಡಗಣ್ಣಿಗೆ ಹಗಲೋ ಇರುಳೋ ಎಂಬಷ್ಟು ಮಾತ್ರ ತಿಳಿಯುತ್ತದೆ. ಬಲಗಣ್ಣಿನಲ್ಲೂ ಎರಡು ತೂತು ಸಿಕ್ಕಿ ಬೆಸುಗೆ ಹಾಕಿದ್ದಾರೆ, ಗ್ಯಾರಂಟಿ ಇಲ್ಲವಂತೆ. ನಾನಾದರೂ ಗಿರಾಕಿಗಳಿಗೆ ಆರು ತಿಂಗಳು ಕೊಡುತ್ತಿದ್ದೆ.

ನಿನ್ನದೂ ಅದೇ ನಂಬರು. ಕನ್ನಡಕದಂಗಡಿಯಲ್ಲಿ ಅಕ್ಷರ ಓದಿ ಬಂದದ್ದು ಲೆಕ್ಕಕ್ಕಿಲ್ಲ. ಆಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕಣ್ಣಿನ ಒಳಗೆ ನೋಡಿಸು. ರಜೆ ಕೊಡದಿದ್ದರೆ ಅಣ್ಣ ಸತ್ತ ಎನ್ನು, ನನ್ನ ಅಭ್ಯಂತರವಿಲ್ಲ.

ಅತ್ತಿಗೆ ನಿನ್ನನ್ನು ನೆನೆಯುತ್ತಾಳೆ, ನನ್ನನ್ನು ಬೈಯುತ್ತಾಳೆ. ನೂರು ಕಾಲ ಬಾಳು.

ಇಂತಿ,
ಒಕ್ಕಣ್ಣ ಅಣ್ಣ

ತಾ.ಕ.: ವಿಳಾಸ ಬರೆಯಲು ನಿನ್ನ ಕಳೆದ ಪತ್ರ ಈಗಷ್ಟೇ ತೆಗೆದೆ. ಸಾಲುಗಳೆಲ್ಲ ಕಾಗದದ ಬಲ ಅಂಚು ದಾಟಿ ಹೋಗಿವೆ; ಕೊನೆಯ ಅಕ್ಷರಗಳು ಇಲ್ಲ, ನಿನ್ನ ಮೇಜಿನ ಮೇಲೆ ಉಳಿದಿರಬೇಕು. ಪತ್ರ ಬಂದಾಗ 'ಹುಡುಗಿಗೆ ಎಷ್ಟು ಅವಸರ' ಎಂದು ನಾವಿಬ್ಬರೂ ನಕ್ಕಿದ್ದೆವು. ತಾರೀಖು ಡಿಸೆಂಬರಿನದು. ತಂಗಿ, ಯಾವ ಕಣ್ಣು?